ಕಾಣದ ನೋವಿನ ಲೆಕ್ಕ

ದೇಹಕ್ಕೆ ಜ್ವರ ಬಂದರೆ ಮೈ ಸುಡುತ್ತದೆ; ಮನೆಯವರು ಹಣೆ ಮುಟ್ಟಿ ತಿಳಿಯುತ್ತಾರೆ. ಮನಸ್ಸಿನ ಬೇನೆಗೆ ಅಂತಹ ಹೊರಗುರುತು ಕಡಿಮೆ. ಲವಲವಿಕೆಯಿಂದಿದ್ದ ಬಾಲಕನೊಬ್ಬನು ವಾರಗಟ್ಟಲೆ ಮೌನವಾಗಿದ್ದರೆ ಹಿರಿಯರು ಅದನ್ನು ಸೋಮಾರಿತನವೆಂದೋ ವಯಸ್ಸಿನ ಹಟವೆಂದೋ ತಳ್ಳಿಹಾಕುವುದುಂಟು. ಒಂದು ಮನೆಯಲ್ಲಿಯೇ ಗುರುತಿಸಲು ಇಷ್ಟು ಕಷ್ಟವಾದುದನ್ನು ಇಡೀ ದೇಶದಲ್ಲಿ ಎಣಿಸುವುದು ಹೇಗೆ?

ಆಸ್ಪತ್ರೆಯ ದಾಖಲೆಗಳಲ್ಲಿ ಸಂಕೋಚವನ್ನು ಮೀರಿ ವೈದ್ಯರ ಬಳಿಗೆ ಬಂದವರ ಹೆಸರು ಮಾತ್ರ ಇರುತ್ತದೆ. ಶಾಲೆಗಳಲ್ಲಿ ವಿಚಾರಿಸಿದರೆ, ಶಾಲೆ ಬಿಟ್ಟು ದುಡಿಯುವ ಮಕ್ಕಳು ಲೆಕ್ಕದಿಂದ ಹೊರಗುಳಿಯುತ್ತಾರೆ. ಆದುದರಿಂದ ಮನೆಮನೆಗೆ ಹೋಗಲೇಬೇಕು. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಈ ಮಾರ್ಗವನ್ನೇ ಹಿಡಿಯಿತು. ತರಬೇತಿ ಪಡೆದವರು ಹನ್ನೆರಡು ರಾಜ್ಯಗಳ ಆಯ್ದ ಮನೆಗಳಿಗೆ ಹೋಗಿ, ಒಂದೇ ಕ್ರಮದ ಪ್ರಶ್ನೆಗಳನ್ನು ಅಲ್ಲಲ್ಲಿನ ಭಾಷೆಯಲ್ಲಿ ಕೇಳಿದರು. ಪ್ರಶ್ನೆಗಳು ಬೇರೆಬೇರೆಯಾಗಿದ್ದರೆ ಮಣಿಪುರದ ಅಂಕಿಯನ್ನು ಕೇರಳದ ಅಂಕಿಯೊಡನೆ ಹೋಲಿಸಲು ಬಾರದು. ಒಬ್ಬೊಬ್ಬರು ತಮ್ಮ ತಮ್ಮ ಮೊಳದಿಂದ ಬಟ್ಟೆ ಅಳೆದಂತಾದೀತು.

13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿರುವುದು ಕಂಡುಬಂದಿತು. ಹಳ್ಳಿಗಳಲ್ಲಿ ಈ ಪ್ರಮಾಣ ಶೇಕಡಾ 6.9, ಮಹಾನಗರಗಳಲ್ಲಿ 13.5. ಆದರೆ ಅಂಕಿಗಳ ಬುಡವನ್ನೂ ನೋಡಬೇಕು. ಸಮೀಕ್ಷೆಗೆ ಒಳಗಾದ ವಯಸ್ಕರು 34,802 ಮಂದಿ. ಈ ವಯಸ್ಸಿನ ಮಕ್ಕಳಾದರೋ ಕೇವಲ 1,191. ಕೋಟಿಗಟ್ಟಲೆ ಮಕ್ಕಳಿರುವ ದೇಶಕ್ಕೆ ಇದು ನದಿಯಿಂದ ಮೊಗೆದ ಬೊಗಸೆ ನೀರು. ನೀರಿನ ರುಚಿ ತಿಳಿದೀತು. ಯಾವ ಊರಿನ ಬಳಿ ಅದು ಕೆಟ್ಟಿದೆಯೆಂದು ತಿಳಿಯದು. ಕರ್ನಾಟಕವಂತೂ ಆ ಹನ್ನೆರಡು ರಾಜ್ಯಗಳಲ್ಲಿ ಇರಲೇ ಇಲ್ಲ. ಒಂದು ಜಿಲ್ಲೆಗೆ ಎಷ್ಟು ಮಂದಿ ಆಪ್ತಸಮಾಲೋಚಕರು ಬೇಕೆಂದು ನಿರ್ಧರಿಸಲು ಆ ಜಿಲ್ಲೆಯ ಲೆಕ್ಕವೇ ಬೇಕು. ಬೇನೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅರಿಯಲು, ಕೆಲವು ವರ್ಷಗಳಿಗೊಮ್ಮೆ ಅದೇ ಅಳತೆಗೋಲಿನಿಂದ ಮತ್ತೆ ಎಣಿಸಬೇಕು.

ಇನ್ನು ಗುಟ್ಟಿನ ಮಾತು. ತಾನು ಹೇಳಿದ್ದು ನೆರೆಮನೆಗೆ ತಲುಪೀತೆಂಬ ಭಯವಿದ್ದರೆ ಯಾವ ಹುಡುಗಿಯೂ ಮನಸ್ಸು ಬಿಚ್ಚಿ ನುಡಿಯಳು. ಆದಕಾರಣ ಉತ್ತರದಿಂದ ಹೆಸರನ್ನು ಬೇರ್ಪಡಿಸಿ ಇಡಬೇಕು. ಪಾಲಕರ ಒಪ್ಪಿಗೆಯೊಂದಿಗೆ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಚಿಕಿತ್ಸೆ ಪಡೆಯುವವರ ವಿವರಗಳು ಗೋಪ್ಯವಾಗಿರತಕ್ಕದ್ದೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯೂ ವಿಧಿಸಿದೆ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ ಕರೆಮಾಡಬಹುದು. ಅಲ್ಲಿಗೆ ಬರುವ ಕರೆಗಳ ಲೆಕ್ಕವೂ ಒಂದು ಬಗೆಯ ಮಾಹಿತಿಯೇ. ಫೋನು ಕೈಗೆ ಸಿಗದ ಮಕ್ಕಳು ಮಾತ್ರ ಆ ಲೆಕ್ಕದಲ್ಲಿಲ್ಲ.