ಒಂಟಿ ಕಾಲಿನಲ್ಲಿ 10 ಸೆಕೆಂಡು: ಸಮತೋಲನವೂ ಒಂದು ಅಭ್ಯಾಸ

ವಾಕಿಂಗ್, ಶುಗರ್, ಬಿ.ಪಿ. ಬಗ್ಗೆ ನಾವೆಲ್ಲ ಸಾಕಷ್ಟು ಮಾತಾಡುತ್ತೇವೆ. ಆದರೆ ಸಮತೋಲನದ ಮಾತು ಬರುವುದು ಮನೆಯಲ್ಲಿ ಯಾರಾದರೂ ಬಾತ್‌ರೂಮಿನಲ್ಲಿ ಆಯತಪ್ಪಿ ಬಿದ್ದ ಮೇಲೆ, ಇಲ್ಲವೇ ಮಗಳು ಆಟದ ಮೈದಾನದಿಂದ ಕಾಲು ಉಳುಕಿಸಿಕೊಂಡು ಬಂದ ಮೇಲೆ. "ವಯಸ್ಸಾಯಿತು, ಇನ್ನು ಅಷ್ಟೇ" ಎಂದು ಸುಮ್ಮನಾಗುವುದೂ ಉಂಟು. ಹಾಗೇನೂ ಇಲ್ಲ. ಸೈಕಲ್ ಕಲಿತ ಹಾಗೆಯೇ ಸಮತೋಲನವನ್ನೂ ಕಲಿಯಬಹುದು, ಬಿಟ್ಟರೆ ಕಳೆದುಕೊಳ್ಳುತ್ತೇವೆ, ಮತ್ತೆ ಶುರು ಮಾಡಿದರೆ ಬಹಳಷ್ಟು ವಾಪಸ್ ಬರುತ್ತದೆ.

*ಮೊದಲು ಒಂದು ಪರೀಕ್ಷೆ*

ಅಡುಗೆಕಟ್ಟೆ ಅಥವಾ ಗೋಡೆಯ ಪಕ್ಕ ಬರಿಗಾಲಲ್ಲಿ ನಿಲ್ಲಿ. ಒಂದು ಪಾದ ಎತ್ತಿ ಇನ್ನೊಂದು ಕಾಲಿನ ಹಿಂಬದಿಗೆ ತಾಗಿಸಿ. ಕೈಗಳು ಪಕ್ಕದಲ್ಲಿರಲಿ, ದೃಷ್ಟಿ ನೇರ ಇರಲಿ. 10 ಸೆಕೆಂಡು ಎಣಿಸಿ. ಹಿರಿಯರು ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ ಸುಮಾರು 1,700 ಜನರಿಗೆ ಇದೇ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿದರು. ಐವರಲ್ಲಿ ಒಬ್ಬರಿಗೆ 10 ಸೆಕೆಂಡು ನಿಲ್ಲಲಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಅಂಥವರಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು. ಇದನ್ನು ಓದಿ ಗಾಬರಿಯಾಗಬೇಡಿ. ಒಂಟಿ ಕಾಲಲ್ಲಿ ನಿಲ್ಲಲಾಗದ್ದರಿಂದ ಯಾರೂ ಸಾಯುವುದಿಲ್ಲ. ಕಾಲಿನ ಬಲ, ನರ, ಕಿವಿ, ಕಣ್ಣು ಎಲ್ಲವೂ ಸೇರಿ ಹೇಗೆ ಕೆಲಸ ಮಾಡುತ್ತಿವೆ ಎಂಬುದನ್ನು ಈ ಪರೀಕ್ಷೆ ತೋರಿಸುತ್ತದೆ, ಅಷ್ಟೇ.

*ದೇಹ ಬೀಳದೆ ನಿಲ್ಲುವುದು ಹೇಗೆ?*

ಮೂರು ಕಡೆಯಿಂದ ಮೆದುಳಿಗೆ ಸುದ್ದಿ ಹೋಗುತ್ತದೆ.

1. ಕಣ್ಣು: ಸುತ್ತಲಿನ ಗೋಡೆ, ನೆಲ, ಮೆಟ್ಟಿಲು ಎಲ್ಲಿವೆ ಎಂದು ತಿಳಿಸುತ್ತದೆ.

2. ಒಳಕಿವಿ: ಇಲ್ಲಿ ದ್ರವ ತುಂಬಿದ ಮೂರು ಪುಟ್ಟ ಬಾಗಿದ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂಬುದನ್ನು ಇವು ಗುರುತಿಸುತ್ತವೆ. ಪಕ್ಕದ ಎರಡು ಪುಟ್ಟ ಚೀಲಗಳಲ್ಲಿರುವ ಸೂಕ್ಷ್ಮ ಹರಳುಗಳು ತಲೆ ವಾಲಿದ್ದನ್ನು ತಿಳಿಸುತ್ತವೆ.

3. ಅಂಗಾಲು, ಕೀಲು, ಸ್ನಾಯು: ಕಾಲು ಎಲ್ಲಿದೆ, ಭಾರ ಯಾವ ಕಡೆ ಬಿದ್ದಿದೆ ಎಂದು ನೋಡದೆಯೇ ಹೇಳುತ್ತವೆ.

ಈ ಸುದ್ದಿಗಳನ್ನು ಹೊಂದಿಸುವುದರಲ್ಲಿ ಕಿರುಮೆದುಳಿನದು ದೊಡ್ಡ ಪಾತ್ರ. ಬೇಕಾದ ಸ್ನಾಯು ಬೇಕಾದ ಕ್ಷಣಕ್ಕೆ ಬಿಗಿಯುತ್ತದೆ. ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿದರೆ ತಕ್ಷಣ ಓಲಾಡುತ್ತೇವಲ್ಲ, ಮೂರರಲ್ಲಿ ಒಂದು ಸುದ್ದಿ ನಿಂತುಹೋದದ್ದೇ ಅದಕ್ಕೆ ಕಾರಣ. ರಾತ್ರಿ ದೀಪ ಹಾಕದೆ ಎದ್ದು ಹೋಗುವಾಗ ಬೀಳುವುದೂ ಇದರಿಂದಲೇ.

*ಊರಿನ ನೆಲ, ಫ್ಲ್ಯಾಟಿನ ನೆಲ*

ಊರಿನಲ್ಲಿ ಗದ್ದೆಯ ಬದು, ಕಲ್ಲುಹಾದಿ, ಅಂಗಳದ ಏರುತಗ್ಗು ಪಾದಕ್ಕೆ ದಿನವೂ ಪಾಠ ಹೇಳುತ್ತಿದ್ದವು. ನೆಲಕ್ಕೆ ಕೂತು ಏಳುವುದು, ಕುಕ್ಕರಗಾಲಲ್ಲಿ ಕೂರುವುದು, ಕೊಡ ಹೊತ್ತು ನಡೆಯುವುದು, ಮಕ್ಕಳ ಕುಂಟೆಬಿಲ್ಲೆ, ಇವೆಲ್ಲ ಗೊತ್ತಿಲ್ಲದೆಯೇ ನಡೆಯುತ್ತಿದ್ದ ವ್ಯಾಯಾಮ. ಪುಣೆಯಲ್ಲೋ ಹೈದರಾಬಾದಿನಲ್ಲೋ ಮಗನ ಮನೆಗೆ ಬಂದ ಅಪ್ಪ-ಅಮ್ಮನಿಗೆ ಸಿಗುವುದು ಸಮತಟ್ಟಾದ ಟೈಲ್ಸ್, ಸೋಫಾ, ಲಿಫ್ಟ್. "ಇಲ್ಲಿ ಆರಾಮಾಗಿರಿ" ಎಂದು ಪ್ರೀತಿಯಿಂದಲೇ ಕೂರಿಸುತ್ತೇವೆ. ಬಳಸದ ಕಾಲು ಕೆಲವೇ ತಿಂಗಳಲ್ಲಿ ಸೊರಗುತ್ತದೆ. ಆಮೇಲೆ ಬೀಳುವ ಭಯ ಶುರುವಾಗುತ್ತದೆ, ಭಯದಿಂದ ಓಡಾಟ ಕಡಿಮೆಯಾಗುತ್ತದೆ, ಓಡಾಟ ಕಡಿಮೆಯಾದಂತೆ ಸಮತೋಲನ ಇನ್ನಷ್ಟು ಕೆಡುತ್ತದೆ. 70 ದಾಟಿದವರು ಬಿದ್ದು ಸೊಂಟದ ಮೂಳೆ ಮುರಿದರೆ ಆಪರೇಷನ್ ಒಂದೇ ಕಷ್ಟವಲ್ಲ, ಎಷ್ಟೋ ಜನ ಮೊದಲಿನಂತೆ ಒಬ್ಬರೇ ಓಡಾಡುವುದಿಲ್ಲ.

*ಮನೆಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ*

ಒಂದು ಹಂತ 30 ಸೆಕೆಂಡು ಅಲ್ಲಾಡದೆ ಬಂದ ಮೇಲೆ ಮಾತ್ರ ಮುಂದಿನದಕ್ಕೆ ಹೋಗಿ. ಕೈಗೆ ಎಟುಕುವಂತೆ ಕಟ್ಟೆಯೋ ಗೋಡೆಯೋ ಇರಲಿ. ಸಾಕ್ಸ್ ಹಾಕಿ ಮಾಡಬೇಡಿ, ಜಾರುತ್ತದೆ.

• ಹಂತ 1: ಎರಡೂ ಪಾದ ಜೋಡಿಸಿ ನಿಲ್ಲುವುದು.
• ಹಂತ 2: ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ ನಿಲ್ಲುವುದು.
• ಹಂತ 3: ಒಂಟಿ ಕಾಲಲ್ಲಿ ನಿಲ್ಲುವುದು. ಆಮೇಲೆ ಇನ್ನೊಂದು ಕಾಲು. ವೃಕ್ಷಾಸನ ಗೊತ್ತಿದ್ದವರು ಅದನ್ನೇ ಮಾಡಬಹುದು, ಪಾದವನ್ನು ಮಂಡಿಯ ಮೇಲೆ ಮಾತ್ರ ಒತ್ತಬೇಡಿ.
• ಹಂತ 4: ಒಂಟಿ ಕಾಲಲ್ಲಿ ನಿಂತು ತಲೆಯನ್ನು ನಿಧಾನ ಎಡಕ್ಕೆ, ಬಲಕ್ಕೆ ತಿರುಗಿಸುವುದು.
• ಹಂತ 5: ಮಡಚಿದ ಕಂಬಳಿಯ ಮೇಲೆ ನಿಲ್ಲುವುದು, ಅಥವಾ ಕಣ್ಣು ಮುಚ್ಚುವುದು. ಇದು ಗಟ್ಟಿಮುಟ್ಟಾದವರಿಗೆ ಮಾತ್ರ, ಹಿರಿಯರು ಒಬ್ಬರೇ ಮಾಡಬಾರದು.

ಜೊತೆಗೆ ಕುರ್ಚಿಯಿಂದ ಕೈ ಊರದೆ 10 ಸಲ ಎದ್ದು ಕೂರುವುದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹಾಲ್‌ನಲ್ಲಿ 10 ಹೆಜ್ಜೆ ನಡೆಯುವುದು. ತೊಡೆಗೆ ಬಲವಿಲ್ಲದೆ ಸಮತೋಲನ ನಿಲ್ಲುವುದಿಲ್ಲ. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಬಲ ಎರಡಕ್ಕೂ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರೀ ವಾಕಿಂಗ್ ಇದಕ್ಕೆ ಸಾಲದು.

*ಆಡುವ ಮಕ್ಕಳಿಗೆ*

ಖೋ-ಖೋ, ಕಬಡ್ಡಿ, ಫುಟ್‌ಬಾಲ್, ಬ್ಯಾಡ್ಮಿಂಟನ್ ಎಲ್ಲದರಲ್ಲೂ ಓಡುವಾಗ, ತಿರುಗುವಾಗ, ಹಾರಿ ಇಳಿಯುವಾಗ ಇಡೀ ಭಾರ ಒಂದು ಕ್ಷಣ ಒಂದೇ ಕಾಲಿನ ಮೇಲಿರುತ್ತದೆ. ಕಾಲು ಉಳುಕುವುದು ಆ ಕ್ಷಣದಲ್ಲೇ. ಒಮ್ಮೆ ಉಳುಕಿದ ಪಾದದ ಗಂಟು ಸರಿಯಾಗಿ ಸುದ್ದಿ ಕಳಿಸುವುದಿಲ್ಲ, ಆದ್ದರಿಂದಲೇ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದೆ. ನೋವು ಹೋಯಿತೆಂದು ನೇರ ಆಟಕ್ಕೆ ಕಳಿಸಬೇಡಿ. ಕೆಲವು ವಾರ ಸಮತೋಲನದ ಅಭ್ಯಾಸ ಮಾಡಿಸಿ.

ಫಿಫಾ ಸಂಸ್ಥೆ 'ಫಿಫಾ 11+' ಎಂಬ 20 ನಿಮಿಷದ ವಾರ್ಮ್-ಅಪ್ ರೂಪಿಸಿದೆ. ಒಂಟಿ ಕಾಲಲ್ಲಿ ನಿಂತು ಚೆಂಡು ಎಸೆದು ಹಿಡಿಯುವುದು ಅದರ ಒಂದು ಭಾಗ. ನಾರ್ವೆಯಲ್ಲಿ ಫುಟ್‌ಬಾಲ್ ಆಡುವ ಹದಿಹರೆಯದ ಹುಡುಗಿಯರ ತಂಡಗಳಲ್ಲಿ ಇದನ್ನು ಮಾಡಿಸಿದಾಗ ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾದವು.

ಮನೆಯಲ್ಲಿ ಮಾಡಿಸಲು ಎರಡು ಸುಲಭ ಅಭ್ಯಾಸಗಳಿವೆ. ಒಂಟಿ ಕಾಲಲ್ಲಿ ನಿಂತು ಗೋಡೆಗೆ ಚೆಂಡು ಎಸೆದು ಹಿಡಿಯುವುದು. ಮುಂದಕ್ಕೆ ಒಂದು ಸಲ ಕುಪ್ಪಳಿಸಿ, ಅದೇ ಕಾಲಲ್ಲಿ 3 ಸೆಕೆಂಡು ಅಲ್ಲಾಡದೆ ನಿಲ್ಲುವುದು. ಇಳಿಯುವಾಗ ಮಂಡಿ ಸ್ವಲ್ಪ ಬಾಗಿರಲಿ, ಒಳಕ್ಕೆ ವಾಲದೆ ಪಾದದ ನೇರಕ್ಕೇ ಇರಲಿ. ಮುಂಬೈ, ಪುಣೆಯಲ್ಲಿರುವವರ ಮಕ್ಕಳಿಗೆ ಮಲ್ಲಕಂಬ ಕಲಿಯುವ ಅವಕಾಶವೂ ಇದೆ.

*ಡಾಕ್ಟರಿಗೆ ಯಾವಾಗ ತೋರಿಸಬೇಕು?*

• ಹಾಸಿಗೆಯಲ್ಲಿ ಮಗ್ಗುಲಾದಾಗ ಕೋಣೆಯೇ ಗಿರಗಿರ ತಿರುಗಿದಂತಾದರೆ. ಒಳಕಿವಿಯ ಹರಳು ಜಾಗ ತಪ್ಪಿರಬಹುದು. ಡಾಕ್ಟರು ತಲೆಯನ್ನು ಕ್ರಮವಾಗಿ ತಿರುಗಿಸಿ ಸರಿಪಡಿಸಬಲ್ಲರು.
• ಶುಗರ್ ಇದ್ದು ಅಂಗಾಲು ಜೋಮು ಹಿಡಿದಂತಿದ್ದರೆ.
• ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದರೆ. ಬಿ.ಪಿ. ಮಾತ್ರೆಯ ಪ್ರಮಾಣ ಕೇಳಿ ನೋಡಿ, ನೀವೇ ಮಾತ್ರೆ ನಿಲ್ಲಿಸಬೇಡಿ.
• ವರ್ಷದಲ್ಲಿ ಎರಡು ಸಲ ಬಿದ್ದಿದ್ದರೆ, ಪೆಟ್ಟಾಗದಿದ್ದರೂ ಸರಿ.
• ಇದ್ದಕ್ಕಿದ್ದಂತೆ ಆಯತಪ್ಪಿ, ಜೊತೆಗೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಕಾಯಬೇಡಿ, 112ಕ್ಕೆ ಕರೆ ಮಾಡಿ.

ಬಾತ್‌ರೂಮಿನಲ್ಲಿ ಹಿಡಿಕೆ, ಜಾರದ ಮ್ಯಾಟ್, ರಾತ್ರಿ ಒಂದು ಸಣ್ಣ ದೀಪ, ಈ ಮೂರನ್ನು ಈ ವಾರವೇ ಹಾಕಿಸಿ. ಆಮೇಲೆ ಸಂಜೆ ಅಜ್ಜಿ, ಮೊಮ್ಮಗ, ನೀವು ಮೂವರೂ ಅಡುಗೆಕಟ್ಟೆಯ ಪಕ್ಕ ನಿಂತು ಎಣಿಸಿ. ದಿನಕ್ಕೆ 5 ನಿಮಿಷದಿಂದ ಶುರುಮಾಡಿದರೆ ಸಾಕು. ಊರಿನಲ್ಲಿರುವ ಹಿರಿಯರಿಗೂ ಇದನ್ನು ಓದಿ ಹೇಳಿ.