ಹಿತ್ತಲ ಕೋಳಿಯ ಮೊಟ್ಟೆ ಯಾರದು?

"ಏನಮ್ಮಾ, ನಮ್ಮ ಕೋಳಿಗಳನ್ನ ನಾವು ಹೊಡೆಯೋಲ್ಲ, ಕೂಡಿ ಹಾಕೋಲ್ಲ, ಕೊಯ್ಯೋದೂ ಇಲ್ಲ. ಅವು ತಾವಾಗಿ ಇಟ್ಟ ಮೊಟ್ಟೆ ತಿಂದರೆ ಏನು ತಪ್ಪು?"

ಬೆಂಗಳೂರಿನಿಂದ ರಜಕ್ಕೆ ಬಂದಿದ್ದ ನನ್ನ ಮಗಳನ್ನು ಪಕ್ಕದ ಮನೆಯವರು ಹೀಗೆ ಕೇಳಿದರು. ಮಗಳು ಒಂದು ವರ್ಷದಿಂದ ‘ವೀಗನ್’. ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ, ಜೇನೂ ಬೇಡ. ಹೆತ್ತವಳಿಗೆ ಸಂಕಟವಾಗದೆ ಇರುತ್ತದೆಯೇ? ಹಿತ್ತಲ ಮೊಟ್ಟೆಯನ್ನಾದರೂ ತಿನ್ನಲಿ ಎಂಬ ಆಸೆ ನನಗೂ ಇತ್ತು.

ವೀಗನ್ ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಅವರ ಜೊತೆಯವರು ಮೊದಲೇ ಸಸ್ಯಾಹಾರಿಗಳು. ಹಾಲು, ಮೊಟ್ಟೆಯನ್ನೂ ಬಿಡಬೇಕೆಂದು ಬೇರೆ ಸಂಘ ಕಟ್ಟಿದರು. ನಮ್ಮ ಲೆಕ್ಕವೇ ಬೇರೆ ನೋಡಿ. ಹಾಲಿನ ಪೊಟ್ಟಣಕ್ಕೆ ಹಸಿರು ಚುಕ್ಕೆ, ಮೊಟ್ಟೆ ಹಾಕಿದ ಬಿಸ್ಕತ್ತಿಗೆ ಮಾಂಸಾಹಾರದ ಗುರುತು! ಅದರಲ್ಲಿ ಜೀವ ಇದೆಯೇ ಎಂದು ನಾವು ಕೇಳುತ್ತೇವೆ. ಯಾರದನ್ನು ಯಾರು ತೆಗೆದುಕೊಂಡರು ಎಂದು ಅವರು ಕೇಳುತ್ತಾರೆ. ಹುಂಜ ಸೇರದ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ ಎಂಬ ನಮ್ಮ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಮೊಟ್ಟೆ ಕೋಳಿಗೆ ಬೇಡದ ವಸ್ತು ಎನ್ನುತ್ತಾರಲ್ಲ, ಅದೂ ಪೂರ್ತಿ ನಿಜವಲ್ಲ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಅದರದು ಒಂದು ತಪಸ್ಸು. ಕಾಳಿಗೆ, ನೀರಿಗೆ ಎದ್ದರೂ ಗಳಿಗೆಯಲ್ಲಿ ವಾಪಸ್ಸು. ಮರಿಯಾದ ಮೇಲೆ ಎರಡು ಮೂರು ತಿಂಗಳು ಹದ್ದು, ಬೆಕ್ಕಿನಿಂದ ಅವನ್ನು ಕಾಯುವುದೇ ಕೆಲಸ, ಮೊಟ್ಟೆಯ ಮಾತೇ ಇಲ್ಲ. ಹೀಗಾಗಿ ವರ್ಷಕ್ಕೆ ಐವತ್ತು ಅರವತ್ತು ಸಿಕ್ಕರೆ ಹೆಚ್ಚು. ನಾವೇನು ಮಾಡುತ್ತೇವೆ? ಗೂಡಿನಲ್ಲಿ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ದಿನಾ ಎತ್ತಿಕೊಳ್ಳುತ್ತೇವೆ. ಗೂಡು ತುಂಬಲಿಲ್ಲ ಎಂದು ಪಾಪ, ಅದು ಇಡುತ್ತಲೇ ಹೋಗುತ್ತದೆ.

ಇನ್ನು ಫಾರಂ ಕೋಳಿಯದು ವರ್ಷಕ್ಕೆ 300 ದಾಟುತ್ತದೆ. ಒಂದೊಂದು ಚಿಪ್ಪಿನಲ್ಲೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ. ಮೇವಿನದು ಸಾಲದಿದ್ದರೆ ಮೂಳೆಯಿಂದ ಹೋಗುತ್ತದೆ. ಮಕ್ಕಳನ್ನು ಹೆತ್ತ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಫಾರಂನಿಂದ ಬಿಡಿಸಿ ತಂದ ಕೋಳಿಗಳನ್ನು ಸಾಕುವ ಕೆಲವು ವೀಗನರು ಮೊಟ್ಟೆ ಬೇಯಿಸಿ, ಚಿಪ್ಪು ಪುಡಿಮಾಡಿ ಕೋಳಿಗೇ ತಿನ್ನಿಸುತ್ತಾರಂತೆ. ಕೇಳಿ ನಗು ಬಂತು. ಯೋಚಿಸಿದರೆ ಲೆಕ್ಕ ಸರಿಯಾಗಿಯೇ ಇದೆ.

ಗಂಡು ಮರಿಗಳ ಗತಿಯಂತೂ ಕೇಳಬೇಡಿ. ಮೊಟ್ಟೆಯ ತಳಿಯಲ್ಲಿ ಗಂಡು ಹುಟ್ಟಿದರೆ ಮೊಟ್ಟೆಯೂ ಇಲ್ಲ, ಮಾಂಸವೂ ಅಷ್ಟಕ್ಕಷ್ಟೆ. ಹುಟ್ಟಿದ ದಿನವೇ ಕೊಂದುಬಿಡುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಅಂಥ ತಳಿಯ ಹೇಂಟೆಯನ್ನು ಪೇಟೆಯಿಂದ ತಂದು ಹಿತ್ತಲಲ್ಲಿ ಎಷ್ಟು ಮುದ್ದು ಮಾಡಿದರೂ ಅದರ ಒಡಹುಟ್ಟಿದವು ಬದುಕಲಿಲ್ಲ. ನಾಟಿ ಕೋಳಿಯಲ್ಲಿ ಈ ದೋಷವಿಲ್ಲ, ಮರಿಗಳೆಲ್ಲ ಒಟ್ಟಿಗೇ ಬೆಳೆಯುತ್ತವೆ. ಆದರೆ ಆಮೇಲೆ?

"ಆಂಟಿ, ಹೋದ ವರ್ಷದ ಹುಂಜಗಳೆಲ್ಲಿ?" ಎಂದು ಮಗಳು ಕೇಳಿಯೇಬಿಟ್ಟಳು.

"ಹಬ್ಬದ ಮುಂದೆ ಮಾರಿದ್ವಮ್ಮ" ಎಂದರು ಅವರು, ಸ್ವಲ್ಪ ಮೆತ್ತಗೆ.

ಮುದಿ ಹೇಂಟೆಯ ಕಥೆಯೂ ಅದೇ. ಎರಡು ಮೂರು ವರ್ಷಕ್ಕೆ ಮೊಟ್ಟೆ ಇಳಿಯುತ್ತದೆ, ಆಯುಸ್ಸು ಇನ್ನೂ ಇರುತ್ತದೆ. ಹಾಲನ್ನೇ ತೆಗೆದುಕೊಳ್ಳಿ, ಗಂಡು ಕರು ಎಲ್ಲಿ ಹೋಯಿತೆಂದು ನಾವು ಕೇಳುತ್ತೇವೆಯೇ? ಕೇಳಿದರೆ ಬೆಳಗಿನ ಕಾಫಿಯೇ ಕಹಿ!

ವೀಗನ್ ನಿಯಮದೊಳಗೆ ಹಿತ್ತಲ ಮೊಟ್ಟೆಗೆ ಜಾಗವಿಲ್ಲ, ಮಗಳ ಮಾತು ಸರಿ. ಆದರೆ ಪಂಜರದ ಮೊಟ್ಟೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎಂದರೆ ನಾನು ಒಪ್ಪುವವಳಲ್ಲ. ಕಾವಿಗೆ ಕೂರಲು ಬಿಟ್ಟು, ಹುಂಜವನ್ನು ಉಳಿಸಿಕೊಂಡು, ಮುದಿಯಾದ ಮೇಲೂ ಕಾಳು ಹಾಕುವವರು ಮಿಕ್ಕ ಮೊಟ್ಟೆ ತಿಂದರೆ ಅದನ್ನು ಕ್ರೌರ್ಯ ಎನ್ನಲಾರೆ. ಅಂಥ ಮನೆಗಳು ಊರಿಗೆ ಎಷ್ಟಿವೆ ಎನ್ನುವುದು ಬೇರೆ ಮಾತು.

ನಿಮ್ಮ ಮನೆಯಲ್ಲೂ ಇಂಥ ಮಗಳೋ ಸೊಸೆಯೋ ಇದ್ದರೆ ಜಗಳ ಬೇಡ. ಕಾಳು, ಕಡಲೆಕಾಯಿ, ಸೋಯಾ ಇದ್ದರೆ ಪ್ರೋಟೀನಿಗೆ ಚಿಂತೆಯಿಲ್ಲ. ಕ್ಯಾಲ್ಸಿಯಂಗೆ ರಾಗಿ, ಎಳ್ಳು. ಕೇಕಿಗೆ ಒಂದು ಮೊಟ್ಟೆಯ ಬದಲು ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ, ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಬಿ-12 ಮಾತ್ರ ಸೊಪ್ಪು, ಕಾಳಿನಿಂದ ಸಿಗುವುದಿಲ್ಲ. ಅದಕ್ಕೆ ವೈದ್ಯರನ್ನು ಕೇಳಿ ಮಾತ್ರೆ ಕೊಡಿಸಲೇಬೇಕು; ಗರ್ಭಿಣಿಯಾಗಿದ್ದರಂತೂ ತಡಮಾಡಬೇಡಿ.