ಗಜನಿಯ ಕಗ್ಗ: ಉಬ್ಬರವೇ ಗೊಬ್ಬರ

ಸಾವಯವ ಕೃಷಿ ಕಲಿಯಲು ದೂರದ ತರಬೇತಿ ಕೇಂದ್ರಗಳನ್ನು ಹುಡುಕುವವರು ಒಮ್ಮೆ ಕಾರವಾರ, ಅಂಕೋಲೆಯ ಅಳಿವೆ ಕಡೆಗೂ ಬರಬೇಕು. ಕಾಳಿ, ಗಂಗಾವಳಿ ಮತ್ತು ಪಕ್ಕದ ಕುಮಟಾದ ಅಘನಾಶಿನಿ ನದಿಗಳು ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವಲ್ಲಿ ಉಪ್ಪುನೀರಿನಂಚಿನ ತಗ್ಗು ಗದ್ದೆಗಳಿವೆ. ಇವೇ ಗಜನಿಗಳು. ಇಲ್ಲಿ ಬೆಳೆಯುತ್ತ ಬಂದ ಭತ್ತ ಕಗ್ಗ. ಅದಕ್ಕೆ ಗೊಬ್ಬರದ ಚೀಲವೂ ಬೇಡ, ಕೀಟನಾಶಕವೂ ಬೇಡ.

ಗಜನಿಯ ಬೇಸಾಯ ಮಳೆ ಮತ್ತು ಉಬ್ಬರದ ಲೆಕ್ಕದ ಮೇಲೆ ನಡೆಯುತ್ತದೆ. ಮುಂಗಾರು ಜೋರಾದಂತೆ ಮಳೆನೀರು ನೆಲದ ಉಪ್ಪನ್ನು ತೊಳೆದು ಹೊರಹಾಕುತ್ತದೆ. ಆಗ ಒಡ್ಡಿನ ತೂಬಿನ ಹಲಗೆ ಮುಚ್ಚಿ ಸಮುದ್ರದ ನೀರನ್ನು ತಡೆದು, ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕಗ್ಗ ಕೊಳೆಯುವುದಿಲ್ಲ. ಒಡ್ಡಿನಿಂದ ಉಪ್ಪುನೀರು ಜಿನುಗಿದರೂ ತಾಳಿಕೊಳ್ಳುತ್ತದೆ. ಸುಧಾರಿತ ತಳಿಗಳು ಸೋಲುವುದು ಇಲ್ಲೇ.

ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಲು. ತೆನೆಯನ್ನಷ್ಟೇ ಕೊಯ್ದು ಕೂಳೆಯನ್ನು ಗದ್ದೆಯಲ್ಲೇ ಬಿಡುತ್ತಾರೆ. ಬಳಿಕ ತೂಬು ತೆರೆದರೆ ಉಬ್ಬರದ ಜೊತೆ ಶೆಟ್ಲಿ (ಸಿಗಡಿ) ಮರಿಗಳು, ಮೀನು, ಏಡಿ ಒಳಬರುತ್ತವೆ. ಕೊಳೆಯುವ ಕೂಳೆಯ ಆಸರೆಯಲ್ಲಿ ಅವು ಬೆಳೆಯುತ್ತವೆ. ಅವುಗಳ ಹಿಕ್ಕೆ, ನೀರು ತಂದ ಮೆಕ್ಕಲು, ಹಕ್ಕಿಗಳ ಹಿಕ್ಕೆ ಎಲ್ಲ ಸೇರಿ ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಗದ್ದೆಗೆ ವಿಷ ಹಾಕಿದರೆ ಮೀನು ಸಾಯುತ್ತದೆ. ಈ ಕಾರಣವೂ ರೈತನನ್ನು ರಾಸಾಯನಿಕದಿಂದ ದೂರ ಇಟ್ಟಿದೆ.

ಕೇರಳದ ಪೊಕ್ಕಾಳಿ, ಗೋವಾದ ಖಾಜನ್ ಗದ್ದೆಗಳದ್ದೂ ಇದೇ ಮಾದರಿ. ಪೊಕ್ಕಾಳಿ ಅಕ್ಕಿಗೆ 2008ರಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಗಜನಿಯಲ್ಲಿ ಕಲಿಯಬೇಕಾದ ದೊಡ್ಡ ಪಾಠ ಒಕ್ಕಟ್ಟಿನದು. ಒಂದು ಗಜನಿಗೆ ಒಡ್ಡು ಒಂದೇ, ಗದ್ದೆಯ ಒಡೆಯರು ಹಲವರು. ತೂಬು ಯಾವಾಗ ಮುಚ್ಚಬೇಕು, ಒಡ್ಡಿಗೆ ಮಣ್ಣು ಯಾರು ಹಾಕಬೇಕು, ಮೀನಿನ ಹಣ ಹೇಗೆ ಹಂಚಬೇಕು ಎಂಬುದೆಲ್ಲ ಎಲ್ಲರೂ ಕೂತು ತೀರ್ಮಾನಿಸಬೇಕಾದ ಸಂಗತಿ. ಒಬ್ಬನ ಅಸಡ್ಡೆಯಿಂದ ಒಡ್ಡು ಒಡೆದರೆ ಎಲ್ಲರ ಬೆಳೆಯೂ ಹೋಯಿತು. ಒಡ್ಡಿನ ಆಚೆ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಅಲೆಯ ಹೊಡೆತ ತಗ್ಗಿಸಿ ಅದನ್ನು ಕಾಯುತ್ತವೆ. ಅವನ್ನು ಕಡಿದಲ್ಲಿ ಒಡ್ಡು ಬೇಗ ಸೋಲುತ್ತದೆ.

ಈ ಒಕ್ಕಟ್ಟು ಸಡಿಲವಾಗಿದ್ದು ಹಣದ ಆಸೆ ಹೊಕ್ಕಾಗ. 1990ರ ದಶಕದಲ್ಲಿ ಸಿಗಡಿ ಕೃಷಿಯ ಅಲೆ ಎದ್ದು, ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಗಜನಿಗಳಲ್ಲಿ ಭತ್ತ ನಿಂತುಹೋಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಪದ್ಧತಿಯನ್ನು ಹೊರತುಪಡಿಸಿ ಉಳಿದ ಸಿಗಡಿ ಹೊಂಡಗಳಿಗೆ ತಡೆ ಹಾಕಿತು. ಆದರೆ ಉಪ್ಪು ಹಿಡಿದ ನೆಲ, ದುರಸ್ತಿ ಕಾಣದ ಒಡ್ಡು, ಕೂಲಿಯಾಳಿನ ಅಭಾವ ಸೇರಿ ಅನೇಕ ಗಜನಿಗಳು ಪಾಳುಬಿದ್ದಿವೆ.

ಕರ್ನಾಟಕ ಸಾವಯವ ಕೃಷಿ ನೀತಿ ಪ್ರಕಟಿಸಿದ್ದು 2004ರಲ್ಲಿ. ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ್ದು 2024ರಲ್ಲಿ. ನೀತಿಯೂ ಮನ್ನಣೆಯೂ ಗಜನಿಗೆ ಉಪಯೋಗಕ್ಕೆ ಬರಬೇಕಾದರೆ ಒಡ್ಡುಗಳು ಗಟ್ಟಿಯಾಗಬೇಕು, ಕಗ್ಗಕ್ಕೆ ತಕ್ಕ ಬೆಲೆ ಸಿಗಬೇಕು.

ನೋಡಲು ಬರುವವರು ಬಿತ್ತನೆಗೊಮ್ಮೆ, ತೂಬು ತೆರೆದ ಮೇಲೊಮ್ಮೆ ಬನ್ನಿ. ಅರ್ಧ ವರ್ಷ ನೋಡಿದರೆ ಅರ್ಧ ಪದ್ಧತಿಯಷ್ಟೇ ತಿಳಿಯುತ್ತದೆ. ಸಂತೆಯಲ್ಲಿ ಕಗ್ಗದ ಕೆಂಪು ಕುಚ್ಚಲಕ್ಕಿ ಕಂಡರೆ ಚೌಕಾಸಿ ಮಾಡದೆ ಕೊಂಡು ಗಂಜಿ ಮಾಡಿ. ಕೊಳ್ಳುವವರಿದ್ದರೆ ಮಾತ್ರ ಬಿತ್ತುವವರು ಇರುತ್ತಾರೆ.